ರೋಮ್‌ನ ಹಳೇ ಊರನ್ನು ಆಡಿಯೋ ಕೇಳುತ್ತ ನಡೆದು ನೋಡುವ ಬಗೆ

ಆಡಿಯೋ ಹಾಕಿಕೊಂಡು ಊರು ನೋಡಹೊರಟವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಕೇಳುತ್ತ ನಡೆದುಬಿಡುತ್ತಾರೆ. ಕಿವಿಯೊಳಗಿನ ದನಿ "ನಿಮ್ಮ ಎಡಗಡೆ ಕಂಬ ನೋಡಿ" ಎನ್ನುವ ಹೊತ್ತಿಗೆ ಕಾಲು ಆ ಕಂಬವನ್ನು ದಾಟಿ ಪಕ್ಕದ ಓಣಿ ಹೊಕ್ಕಿರುತ್ತದೆ. ಹತ್ತು ನಿಮಿಷದಲ್ಲಿ ಮಾತಿಗೂ ಜಾಗಕ್ಕೂ ತಾಳ ತಪ್ಪುತ್ತದೆ, ಆಮೇಲೆ ಕೇಳಿಸುವುದು ಬರೀ ರೇಡಿಯೋ. ಆದ್ದರಿಂದ ನಿಂತು ಕೇಳಿ, ಆಡಿಯೋ ನಿಲ್ಲಿಸಿ ನಡೆಯಿರಿ. ಈ ಬರಹದಲ್ಲಿ ಪ್ರತಿ ಜಾಗಕ್ಕೂ ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು ಎಂದು ಹೇಳುತ್ತ ಹೋಗಿರುವುದು ಅದಕ್ಕೇ.

ದಾರಿ ಇದು: ಕಾಂಪೊ ದೆ ಫಿಯೋರಿ ಚೌಕದಿಂದ ಹೊರಟು ಪಿಯಾತ್ಸಾ ನವೋನಾ (ಪಿಯಾತ್ಸಾ ಎಂದರೆ ಚೌಕ), ಸಾನ್ ಲುಯಿಜಿ ಚರ್ಚು, ಪ್ಯಾಂಥಿಯನ್ ಎಂಬ ರೋಮನ್ನರ ಹಳೇ ಗುಡಿ, ಆನೆಯ ಪ್ರತಿಮೆ, ಸಾಂತಿನ್ಯಾತ್ಸಿಯೊ ಚರ್ಚು, ಪಿಯಾತ್ಸಾ ದಿ ಪಿಯೆತ್ರಾ, ತ್ರೇವಿ ಕಾರಂಜಿ, ಕೊನೆಗೆ ಪಿಯಾತ್ಸಾ ದಿ ಸ್ಪಾನ್ಯಾದ ಮೆಟ್ಟಿಲು. ಒಟ್ಟು ಎರಡೂವರೆಯಿಂದ ಮೂರು ಕಿಲೋಮೀಟರ್. ಸುಮ್ಮನೆ ನಡೆದರೆ 40 ನಿಮಿಷ ಸಾಕು. ನಿಂತು, ಕೇಳಿ, ಒಳಗೆ ಹೋಗಿ ನೋಡಿದರೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ 8ಕ್ಕೆ ಶುರು ಮಾಡಬೇಕು. ರೋಮ್‌ನ ಅನೇಕ ಚರ್ಚುಗಳು ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸಿನಲ್ಲಿ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೂರು ನಾಲ್ಕರ ಮೇಲೆ. ಹತ್ತೂವರೆಗೆ ಹೊರಟವರಿಗೆ ಅರ್ಧ ದಾರಿಯಲ್ಲಿ ಮುಚ್ಚಿದ ಬಾಗಿಲುಗಳೇ ಸಿಗುತ್ತವೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುವುದರಿಂದ ಈ ನಡಿಗೆಗೆ ಅದು ಒಳ್ಳೆಯ ದಿನವಲ್ಲ.

ಹೊರಡುವ ಹಿಂದಿನ ರಾತ್ರಿ

ಆಡಿಯೋವನ್ನು ಫೋನಿಗೆ ಇಳಿಸಿಕೊಂಡಿರಬೇಕು, ನೆಟ್‌ವರ್ಕ್ ನೆಚ್ಚಬಾರದು. ಇಂಗ್ಲಿಷ್ ತಿಳಿಯುವವರಿಗೆ ರಿಕ್ ಸ್ಟೀವ್ಸ್ ಆಡಿಯೋ ಯೂರೋಪ್ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ; ರೋಮ್‌ನ ನಡುಊರಿನ ನಡಿಗೆ, ಪ್ಯಾಂಥಿಯನ್, ಕೊಲೋಸಿಯಂ ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಆಡಿಯೋ ಇದೆ. ದುಡ್ಡು ಕೊಟ್ಟು ಕೊಳ್ಳುವ ಆಡಿಯೋಗಳೂ ಹಲವು. ಕೊಳ್ಳುವ ಮುನ್ನ ಎರಡು ವಿಷಯ ನೋಡಿ. ಮೊದಲನೆಯದು, ಪ್ರತಿ ಜಾಗಕ್ಕೂ ಬೇರೆ ತುಣುಕು ಇದೆಯೇ? ಒಂದೂವರೆ ಗಂಟೆಯ ಒಂದೇ ಉದ್ದ ಕಡತವಾದರೆ ಬೇಕಾದ ಜಾಗ ಹುಡುಕುವುದರಲ್ಲೇ ಸುಸ್ತು. ಎರಡನೆಯದು, ನೀವು ಒತ್ತಿದಾಗ ಮಾತಾಡುತ್ತದೆಯೋ ಅಥವಾ ಜಿಪಿಎಸ್ ಹಿಡಿದು ತಾನಾಗಿ ಶುರುವಾಗುತ್ತದೆಯೋ? ಜಿಪಿಎಸ್ ನೆಚ್ಚಿದ ಆಡಿಯೋ ರೋಮ್‌ನ ಇಕ್ಕಟ್ಟು ಓಣಿಗಳಲ್ಲಿ ಕೈಕೊಡುತ್ತದೆ. ಎರಡೂ ಕಡೆ ಐದಾರು ಅಂತಸ್ತಿನ ಗೋಡೆ. ಉಪಗ್ರಹದ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ನೀವು ಪಕ್ಕದ ಬೀದಿಯಲ್ಲಿದ್ದೀರಿ ಎಂದು ಫೋನು ತಿಳಿಯುತ್ತದೆ. ಕೈಯಿಂದ ಒತ್ತುವುದೇ ವಾಸಿ.

ಭೂಪಟದಲ್ಲೂ ಒಂದು ತೊಡಕಿದೆ. ಗೂಗಲ್ ಮ್ಯಾಪ್ಸ್‌ನಲ್ಲಿ ರೋಮ್ ನಕ್ಷೆಯನ್ನು ಇಳಿಸಿಕೊಳ್ಳಬಹುದು, ಆದರೆ ಇಂಟರ್‌ನೆಟ್ ಇಲ್ಲದಾಗ ಅದು ಕಾರಿನ ದಾರಿಯನ್ನಷ್ಟೇ ತೋರಿಸುತ್ತದೆ, ನಡೆಯುವ ದಾರಿಯನ್ನಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಉಚಿತ ಆ್ಯಪ್ ನಡೆಯುವ ದಾರಿಯನ್ನೂ ಆಫ್‌ಲೈನ್ ಕೊಡುತ್ತದೆ. ಮೇಲಿನ ಒಂಬತ್ತು ಜಾಗಗಳಿಗೂ ಅದರಲ್ಲಿ ಗುರುತು ಹಾಕಿಟ್ಟುಕೊಳ್ಳಿ. ರೋಮ್‌ನ ಹಳೇ ಊರಿನಲ್ಲಿ ಬೀದಿಯ ಹೆಸರು ಮೂಲೆಮನೆಯ ಗೋಡೆಯ ಮೇಲೆ, ತಲೆಗಿಂತ ಎತ್ತರದಲ್ಲಿ, ಬಿಳಿ ಕಲ್ಲಿನ ಹಲಗೆಯಲ್ಲಿ ಕೆತ್ತಿರುತ್ತದೆ. ಕಂಬದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಇಯರ್‌ಫೋನ್ ವಿಚಾರದಲ್ಲಿ ತಂತಿಯದೇ ಮೇಲು. ಬೀದಿಗೆಲ್ಲ ಹಾಸಿರುವುದು ಸಂಪಿಯೆತ್ರೀನಿ ಎಂಬ ಚೌಕನೆಯ ಕಪ್ಪು ಕಲ್ಲು. ಕಿವಿಯಿಂದ ಜಾರಿದ ಪುಟ್ಟ ಇಯರ್‌ಬಡ್ ಆ ಸಂದುಗಳಲ್ಲಿ ಪುಟಿದು ಎಲ್ಲೋ ಹೋಗುತ್ತದೆ. ಹೊರಗಿನ ಸದ್ದು ಅಡಗಿಸುವ ಸೌಲಭ್ಯ ಇದ್ದರೆ ಅದನ್ನು ಆಫ್ ಮಾಡಿ ಇಡಿ, ಸ್ಕೂಟರು ಬರುವುದು ಕೇಳಬೇಕು. ಇಬ್ಬರು ಒಟ್ಟಿಗೆ ಕೇಳುವುದಾದರೆ ಒಂದು ಫೋನಿಗೆ ಎರಡು ತಂತಿ ಸಿಕ್ಕಿಸುವ ಸ್ಪ್ಲಿಟರ್ ತಗೊಳ್ಳಿ. ಈಗಿನ ಬಹಳಷ್ಟು ಫೋನುಗಳಲ್ಲಿ ಇಯರ್‌ಫೋನಿನ ದುಂಡು ತೂತೇ ಇಲ್ಲ, ಆಗ ಟೈಪ್‌-ಸಿ ಅಡಾಪ್ಟರ್ ಬೇಕು. ಊರಲ್ಲೇ ಸಿಕ್ಕಿಸಿ ನೋಡಿಕೊಂಡು ಹೋಗಿ. ನಮ್ಮ ಮೂರು ದುಂಡು ಕಡ್ಡಿಯ ಪ್ಲಗ್ ಇಟಲಿಯ ಗೋಡೆಗೆ ಹಿಡಿಸುವುದಿಲ್ಲ. ಸಣ್ಣ ಎರಡು ಕಡ್ಡಿಯ ಚಾರ್ಜರ್ ಹಿಡಿಸುತ್ತದೆ.

ಅಪ್ಪ ಅಮ್ಮನಿಗೆ ಕನ್ನಡದಲ್ಲೇ

ಯೂರೋಪಿನಲ್ಲಿ ಕೆಲಸದಲ್ಲಿರುವ ಮಕ್ಕಳ ಮನೆಗೆ ಬಂದು, ಅಲ್ಲಿಂದ ರೋಮ್ ನೋಡಲು ಹೋಗುವ ಹಿರಿಯರು ಈಗ ಎಷ್ಟೋ ಮಂದಿ. ಅವರಿಗೆ ಇಂಗ್ಲಿಷ್ ಓದಲು ಬಂದರೂ ಕಿವಿಯಲ್ಲಿ ಓಡುವ ವಿದೇಶಿ ಉಚ್ಚಾರ ಹಿಡಿಯುವುದು ಕಷ್ಟ. ಮಗಳೋ ಮಗನೋ ಒಂದು ಸಂಜೆ ಕೂತು ಕನ್ನಡದಲ್ಲಿ ಹೇಳಿ ಧ್ವನಿಮುದ್ರಿಸಿಕೊಟ್ಟರೆ ಅಂಗಡಿಯಲ್ಲಿ ಕೊಳ್ಳುವ ಯಾವ ಆಡಿಯೋವೂ ಅದಕ್ಕೆ ಸಮವಲ್ಲ. ಕೆಲಸವೂ ದೊಡ್ಡದಲ್ಲ.

ಜಾಗಕ್ಕೊಂದು ತುಣುಕು, ತುಣುಕಿಗೆ ಎರಡರಿಂದ ಮೂರು ನಿಮಿಷ. ನಿಧಾನವಾಗಿ ಓದಿದರೆ ನಿಮಿಷಕ್ಕೆ 90-100 ಕನ್ನಡ ಪದ ಆಗುತ್ತದೆ, ಅಂದರೆ ಒಂದು ಜಾಗಕ್ಕೆ ಬರೆದುಕೊಳ್ಳಬೇಕಾದದ್ದು 250 ಪದದ ಒಳಗೆ. ಮೂರು ನಿಮಿಷ ಮೀರಿದರೆ ನಿಂತವರು ಕೂರಲು ಜಾಗ ಹುಡುಕುತ್ತಾರೆ. ಮೊದಲ ವಾಕ್ಯ ಯಾವಾಗಲೂ ನಿಲ್ಲುವ ಜಾಗದ್ದು: "ಅಮ್ಮಾ, ಕಾರಂಜಿಗೆ ಮುಖ ಮಾಡಿ ನಿಂತ್ಕೋ, ಚರ್ಚು ಅದರ ಹಿಂದೆ ಕಾಣಬೇಕು." ನಡುವೆ ನೋಡಬೇಕಾದದ್ದು ಎರಡೋ ಮೂರೋ ವಿಷಯ, ಅದಕ್ಕಿಂತ ಹೆಚ್ಚು ಬೇಡ. ಒಂದು ವಿಷಯ ಹೇಳಿದ ಮೇಲೆ ನಾಲ್ಕು ಸೆಕೆಂಡು ಮಾತು ಬಿಡಿ, ಕಣ್ಣು ಹುಡುಕಿಕೊಳ್ಳಲಿ. ಕೊನೆಯ ವಾಕ್ಯ "ಈಗ ಆಫ್ ಮಾಡು" ಎಂದಿರಲಿ. ಮುಂದಿನ ಜಾಗಕ್ಕೆ ದಾರಿ ಹೇಳುವುದನ್ನು ಬೇರೆ ಸಣ್ಣ ತುಣುಕಾಗಿ ಇಡಿ, ಏಕೆಂದರೆ ದಾರಿಯನ್ನು ಎರಡು ಮೂರು ಸಲ ಕೇಳಬೇಕಾಗುತ್ತದೆ. ವರ್ಷಗಳನ್ನು ರಾಶಿ ಹಾಕಬೇಡಿ. "ಸಾವಿರದ ಒಂಬೈನೂರು ವರ್ಷದ ಹಿಂದೆ" ಎಂದರೆ ಕಿವಿಗೆ ಸಾಕು.

ಮುದ್ರಿಸುವಾಗ ಬಟ್ಟೆಬೀರು ಅಥವಾ ಹಾಸಿಗೆ ಇರುವ ಕೋಣೆಯಲ್ಲಿ ಕೂತರೆ ಪ್ರತಿಧ್ವನಿ ಇರುವುದಿಲ್ಲ. ಫೋನು ಬಾಯಿಂದ ಒಂದು ಗೇಣು ದೂರ, ತುಸು ಓರೆಗೆ ಇರಲಿ. ನೇರ ಎದುರಿಗಿದ್ದರೆ ಪ ಫ ಬ ಭ ಅಕ್ಷರಗಳು ಗಾಳಿ ಹೊಡೆದಂತೆ ಕೇಳುತ್ತವೆ. ಕಡತಕ್ಕೆ 01, 02 ಎಂದು ಎರಡಂಕಿಯ ಹೆಸರಿಡಿ. ಬರೀ 1, 2 ಎಂದಿಟ್ಟರೆ ಕೆಲವು ಫೋನುಗಳಲ್ಲಿ 1 ಆದ ಮೇಲೆ 10 ಬಂದು ಕೂರುತ್ತದೆ. ವಾಟ್ಸ್ಆ್ಯಪ್ ಧ್ವನಿಸಂದೇಶವಾಗಿ ಕಳಿಸಿದರೆ ಬೇರೆ ಸಂದೇಶಗಳ ನಡುವೆ ಹೂತುಹೋಗುತ್ತವೆ, ಒಂದು ಮುಗಿದೊಡನೆ ಮುಂದಿನದು ತಾನೇ ಶುರುವಾಗಿಬಿಡುವುದೂ ಉಂಟು. ಕಡತಗಳನ್ನೇ ಅವರ ಫೋನಿಗೆ ಹಾಕಿಕೊಡಿ.

ನಡಿಗೆ

ಕಾಂಪೊ ದೆ ಫಿಯೋರಿಗೆ ಮೆಟ್ರೋ ಇಲ್ಲ. ತೆರ್ಮಿನಿ ರೈಲು ನಿಲ್ದಾಣದಿಂದ 64ನೇ ಬಸ್ಸು ಕೋರ್ಸೊ ವಿತ್ತೋರಿಯೊ ಎಮನುವೆಲೆ ರಸ್ತೆಯಲ್ಲಿ ಹೋಗುತ್ತದೆ, ಅಲ್ಲಿ ಇಳಿದರೆ ಎರಡು ನಿಮಿಷದ ದಾರಿ. ಜೇಬುಗಳ್ಳರಿಗೆ ಹೆಸರಾದ ಬಸ್ಸು ಅದು, ಚೀಲವನ್ನು ಎದೆಗೆ ಹಾಕಿಕೊಳ್ಳಿ. ಚೌಕದ ನಡುವಿನ ಕಂಚಿನ ಪ್ರತಿಮೆಯ ಎದುರು ನಿಂತು ಮೊದಲ ತುಣುಕು ಕೇಳಿ. ಮುಸುಕು ಹೊದ್ದು ಪುಸ್ತಕದ ಮೇಲೆ ಕೈ ಇಟ್ಟು ನಿಂತವನು ಜೊರ್ದಾನೊ ಬ್ರೂನೊ, ಚರ್ಚಿನ ಮತಕ್ಕೆ ವಿರುದ್ಧ ಮಾತಾಡಿದ ತತ್ವಜ್ಞಾನಿ. 1600ರ ಫೆಬ್ರುವರಿ 17ರಂದು ಅವನನ್ನು ಸುಟ್ಟದ್ದು ಇದೇ ಚೌಕದಲ್ಲಿ. ಪ್ರತಿಮೆ ನಿಂತದ್ದು 1889ರಲ್ಲಿ. ಸುತ್ತ ತರಕಾರಿ ಹೂವಿನ ಸಂತೆ, ಭಾನುವಾರ ಬಿಟ್ಟು ಎಲ್ಲ ದಿನ ಬೆಳಿಗ್ಗೆ. ಸಂತೆಯ ಗದ್ದಲ ಏರುವ ಮೊದಲೇ ಕೇಳಿ ಮುಗಿಸುವುದು ಸುಖ.

ವಿಯಾ ದೆಯಿ ಬಾವುಲ್ಲಾರಿ (ವಿಯಾ ಎಂದರೆ ಬೀದಿ) ಹಿಡಿದು ಬಂದರೆ ದೊಡ್ಡ ರಸ್ತೆ ಸಿಗುತ್ತದೆ. ಇಲ್ಲಿ ಇಯರ್‌ಫೋನ್ ಎರಡೂ ಕಿವಿಯಿಂದ ತೆಗೆಯಿರಿ. ದಾಟಿ, ಪಿಯಾತ್ಸಾ ಸಾನ್ ಪಂತಲೇವೊ ಕಡೆಯಿಂದ ವಿಯಾ ದೆಲ್ಲಾ ಕುಕ್ಕಾನ್ಯಾ ಎಂಬ ಗಿಡ್ಡ ಓಣಿ ಹೊಕ್ಕರೆ ನವೋನಾ ಚೌಕದ ದಕ್ಷಿಣದ ತುದಿ. ಒಳಗೆ ಬಂದಕೂಡಲೇ ನಿಂತು ಉದ್ದಕ್ಕೆ ನೋಡಿ: ಎರಡು ಕಡೆ ನೇರ, ದೂರದ ತುದಿ ಮಾತ್ರ ಬಳ್ಳದಂತೆ ದುಂಡಗೆ. ಮೊದಲ ಶತಮಾನದಲ್ಲಿ ಡೊಮಿಷಿಯನ್ ಚಕ್ರವರ್ತಿ ಕಟ್ಟಿಸಿದ ಓಟದ ಕ್ರೀಡಾಂಗಣ ಇದು. ಜನ ಕೂರುವ ಮೆಟ್ಟಿಲಿದ್ದ ಕಡೆ ಈಗ ಮನೆಗಳ ಸಾಲು. ಉತ್ತರದ ತುದಿಯಿಂದ ಹೊರಗೆ ಬಂದು ಪಿಯಾತ್ಸಾ ತೋರ್ ಸಾಂಗ್ವಿನ್ಯಾ ಕಡೆ ತಿರುಗಿ ಕೆಳಗೆ ನೋಡಿದರೆ, ಆ ಕ್ರೀಡಾಂಗಣದ ಕಮಾನು ಇಂದಿನ ರಸ್ತೆಮಟ್ಟದ ಅಡಿಯಲ್ಲಿ ಕಾಣುತ್ತದೆ. ಬಹಳ ಮಂದಿ ಇದನ್ನು ನೋಡದೇ ಹೋಗುತ್ತಾರೆ.

ನಡುವಿನ ಕಾರಂಜಿಗೆ ಹತ್ತು ನಿಮಿಷ ಕೊಡಿ, ಇಡೀ ದಾರಿಯಲ್ಲಿ ನಮಗೆ ಅತ್ಯಂತ ಹತ್ತಿರದ್ದು ಅದು. ಶಿಲ್ಪಿ ಬೆರ್ನೀನಿ ರೂಪಿಸಿ 1651ರಲ್ಲಿ ಮುಗಿದದ್ದು. ನಾಲ್ಕು ಖಂಡಕ್ಕೆ ನಾಲ್ಕು ನದಿ: ಡ್ಯಾನ್ಯೂಬ್, ನೈಲ್, ರಿಯೋ ದೆ ಲಾ ಪ್ಲಾತಾ ಮತ್ತು ಗಂಗೆ. ಒಂದೇ ಕಡೆ ನಿಂತರೆ ನಾಲ್ವರೂ ಕಾಣುವುದಿಲ್ಲ, ಪ್ರದಕ್ಷಿಣೆ ಹಾಕಬೇಕು. ತಲೆಗೆ ಬಟ್ಟೆ ಮುಚ್ಚಿಕೊಂಡವನು ನೈಲ್, ಅವನ ಮೂಲ ಆಗ ಯಾರಿಗೂ ಗೊತ್ತಿರಲಿಲ್ಲ. ಉದ್ದನೆಯ ಹುಟ್ಟು ಹಿಡಿದು ಬಂಡೆಗೆ ಒರಗಿ ಕೂತವನು ಗಂಗೆ. ಹೌದು, ಗಡ್ಡದ ಗಂಡಸು. ರೋಮನ್ನರ ಕಲೆಯಲ್ಲಿ ನದಿಯೆಂದರೆ ಗಂಡು ದೇವರು. ಆ ಪದ್ಧತಿಯಲ್ಲೇ ನಮ್ಮ ತಾಯಿ ಇಲ್ಲಿ ಮುದುಕನಾಗಿದ್ದಾಳೆ. ಹುಟ್ಟು ಇರುವುದು ದೋಣಿ ಸಾಗುವ ನದಿ ಎಂದು ತೋರಿಸಲು. ಆ ಹುಟ್ಟನ್ನು ಗುರುತು ಮಾಡಿಕೊಂಡರೆ ಹುಡುಕುವುದು ಸುಲಭ.

ಇಲ್ಲಿ ಅನೇಕ ಆಡಿಯೋಗಳು ಒಂದು ಕಥೆ ಹೇಳುತ್ತವೆ: ಎದುರಿನ ಸಾಂತಾನ್ಯೇಸೆ ಚರ್ಚು ಮೈಮೇಲೆ ಬಿದ್ದೀತೆಂದು ಕಾರಂಜಿಯ ಮೂರ್ತಿ ಕೈ ಎತ್ತಿ ಅಡ್ಡ ಹಿಡಿದಿದೆ, ಬೆರ್ನೀನಿ ಆ ಚರ್ಚಿನ ವಾಸ್ತುಶಿಲ್ಪಿಯಾದ ತನ್ನ ಪ್ರತಿಸ್ಪರ್ಧಿ ಬೊರೊಮೀನಿಯನ್ನು ಹಾಗೆ ಹಂಗಿಸಿದ ಎಂದು. ಆದರೆ ಚರ್ಚಿನ ಕೆಲಸ ಶುರುವಾದದ್ದೇ ಕಾರಂಜಿ ಮುಗಿದ ಮರುವರ್ಷ. ಕಥೆ ಸೊಗಸಾಗಿದೆಯೆಂದು ನಂಬಿ ಮಕ್ಕಳಿಗೆ ಹೇಳಿಕೊಡಬೇಡಿ. ಆಡಿಯೋದಲ್ಲಿ ಯಾವ ಕಥೆ ಬಂದರೂ ಎರಡು ವರ್ಷ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಒಳ್ಳೆಯದು.

ಚೌಕದ ಪೂರ್ವದ ಸಂದಿಯಿಂದ ಹೊರಬಂದು ಸೆನೆಟ್ ಕಟ್ಟಡದ ಪಕ್ಕದ ವಿಯಾ ದೆಲ್ ಸಲ್ವತೋರೆಯಲ್ಲಿ ನಡೆದರೆ ಸಾನ್ ಲುಯಿಜಿ ದೆಯಿ ಫ್ರಾಂಚೇಸಿ. ಭುಜ, ಮಂಡಿ ಮುಚ್ಚಿರಬೇಕು. ಒಂದು ಶಾಲು ಚೀಲದಲ್ಲಿದ್ದರೆ ಯಾವ ಚರ್ಚಿನ ಬಾಗಿಲಲ್ಲೂ ತಡೆ ಇಲ್ಲ. ಒಳಗೆ ಎಡಗಡೆಯ ಕೊನೆಯ ಗೂಡಿನಲ್ಲಿ ಕರವಾಜ್ಜೊ ಬರೆದ ಸಂತ ಮ್ಯಾಥ್ಯೂನ ಮೂರು ಚಿತ್ರಗಳಿವೆ. ಗೂಡು ಕತ್ತಲು. ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿದರೆ ಕೊಂಚ ಹೊತ್ತು ದೀಪ ಹತ್ತುತ್ತದೆ, ಹಾಗಾಗಿ ಚಿಲ್ಲರೆ ಇಟ್ಟುಕೊಂಡಿರಿ. ಆಡಿಯೋವನ್ನು ಮೊದಲು ಕತ್ತಲಲ್ಲೇ ಪೂರ್ತಿ ಕೇಳಿ, ಆಮೇಲೆ ನಾಣ್ಯ ಹಾಕಿ. ತಿರುಗುಮುರುಗಾದರೆ ಮಾತು ಮುಗಿಯುವ ಮೊದಲೇ ದೀಪ ಆರುತ್ತದೆ. ಎಡಗೋಡೆಯ ಚಿತ್ರದಲ್ಲಿ ಬೆಳಕು ಬಲದಿಂದ ಬೀಳುತ್ತದೆ. ಗೂಡಿನ ನಿಜವಾದ ಕಿಟಕಿಯೂ ಅದೇ ಕಡೆ.

ಅಲ್ಲಿಂದ ವಿಯಾ ಜುಸ್ತಿನಿಯಾನಿ ನೇರ ಪ್ಯಾಂಥಿಯನ್ ಮುಂದೆ ತಂದು ಬಿಡುತ್ತದೆ. 2023ರ ಜುಲೈಯಿಂದ ಇಲ್ಲಿ ಟಿಕೆಟ್ ಇದೆ, ಶುರುವಿನಲ್ಲಿ 5 ಯೂರೋ ಇತ್ತು. ಸರ್ಕಾರದ ಮುಸೇಯಿ ಇತಾಲಿಯಾನಿ ತಾಣದಲ್ಲಿ ಹತ್ತೂಕಾಲರ ಆಸುಪಾಸಿನ ಹೊತ್ತಿಗೆ ಕೊಂಡಿಟ್ಟುಕೊಳ್ಳಿ. ಬೇರೆಯವರು ಮಾರುವ "ಆಡಿಯೋ ಸಮೇತ ಟಿಕೆಟ್" ಹಲವು ಪಟ್ಟು ದುಬಾರಿ, ಆಡಿಯೋ ನಿಮ್ಮ ಹತ್ತಿರ ಹೇಗೂ ಇದೆ. ತಿಂಗಳ ಮೊದಲ ಭಾನುವಾರ ಉಚಿತ, ಆದರೆ ಸಾಲು ಚೌಕದ ತುಂಬ.

ಹೊರಗಿನ ತುಣುಕನ್ನು ಚೌಕದ ಕಾರಂಜಿಯ ಹತ್ತಿರ ಕೇಳಿ. ಹಣೆಯ ಮೇಲೆ ಮೊದಲ ಗುಡಿ ಕಟ್ಟಿಸಿದ ಸೇನಾನಿ ಅಗ್ರಿಪ್ಪನ ಹೆಸರಿದ್ದರೂ ಈಗಿನ ಕಟ್ಟಡ ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು, ಸುಮಾರು ಕ್ರಿ.ಶ. 125. ಒಳಗೆ ಹೋದವರು ಬಾಗಿಲಲ್ಲೇ ನಿಂತು ಮೇಲೆ ನೋಡುತ್ತಾರೆ. ಹಿಂದೆ ಬರುವವರು ತಳ್ಳುತ್ತಾರೆ. ನೇರ ನಡುವಿಗೆ ಹೋಗಿ ನಿಂತು ಆಮೇಲೆ ಆಡಿಯೋ ಒತ್ತಿ. ಗುಮ್ಮಟದ ಒಳ ಅಗಲ 43.3 ಮೀಟರ್, ನೆಲದಿಂದ ತುದಿಯ ಎತ್ತರವೂ ಅಷ್ಟೇ. ವಿಜಯಪುರದ ಗೋಲಗುಮ್ಮಟ ನೋಡಿದವರಿಗೆ ಅಳತೆ ಥಟ್ಟನೆ ಹೊಳೆಯುತ್ತದೆ: ಅದರ ಒಳ ಅಗಲ ಸುಮಾರು 38 ಮೀಟರ್. ಇಲ್ಲಿ ಕಬ್ಬಿಣದ ಸರಳಿಲ್ಲದ ಕಾಂಕ್ರೀಟು. ಬುಡದಲ್ಲಿ ಭಾರದ ಕಲ್ಲು, ಮೇಲೇರಿದಂತೆ ಹಗುರ, ತುದಿಯ ಹತ್ತಿರ ನೀರಲ್ಲಿ ತೇಲುವಂಥ ಪ್ಯೂಮಿಸ್ ಕಲ್ಲು ಬೆರೆಸಿದ್ದಾರೆ. ಗುಮ್ಮಟದ ಒಳಮೈಯಲ್ಲಿ ಕಾಣುವ ಚೌಕ ಗುಳಿಗಳು 28ರಂತೆ ಐದು ಸುತ್ತು, ಒಟ್ಟು 140. ತುದಿಯ ತೆರೆದ ಕಣ್ಣಿನಿಂದ ಮಳೆ ಒಳಗೆ ಬೀಳುವುದಿಲ್ಲ ಎಂದು ಹೇಳುವವರಿದ್ದಾರೆ. ಬೀಳುತ್ತದೆ. ಕಾಲ ಬುಡದಲ್ಲಿ ನೋಡಿ, ನೀರು ಇಳಿಯಲು ಕಲ್ಲಿನಲ್ಲಿ 22 ಸಣ್ಣ ತೂತು ಕೊರೆದಿದ್ದಾರೆ, ನೆಲವೂ ನಡುವಿನಿಂದ ಅಂಚಿಗೆ ತುಸು ಇಳಿಜಾರು. ರಾಫೆಲ್‌ನ ಸಮಾಧಿ ಎಡಗಡೆಯ ಗೋಡೆಯಲ್ಲಿದೆ.

ಹಿಂಬದಿಯ ಚೌಕದಲ್ಲಿ ಆನೆಯೊಂದು ಬೆನ್ನ ಮೇಲೆ ಈಜಿಪ್ಟಿನ ಕಲ್ಲುಕಂಬ ಹೊತ್ತು ನಿಂತಿದೆ. 1667ರದ್ದು, ಇದೂ ಬೆರ್ನೀನಿಯ ಕಲ್ಪನೆ. ಐದು ನಿಮಿಷ ಸಾಕು. ಮುಂದಿನ ಜಾಗ ಸಾಂತಿನ್ಯಾತ್ಸಿಯೊ ಚರ್ಚು. ಇದಕ್ಕೆ ಗುಮ್ಮಟ ಇಲ್ಲ, ಬಟ್ಟೆಯ ಮೇಲೆ ಬರೆದ ಗುಮ್ಮಟ ಇದೆ. ಆಂದ್ರೆಯಾ ಪೋತ್ಸೊ 1685ರಲ್ಲಿ ಬರೆದದ್ದು. ನೆಲದ ಮೇಲೆ ದುಂಡು ಕಲ್ಲಿನ ಗುರುತಿದೆ, ಅಲ್ಲಿ ನಿಂತರೆ ಕಣ್ಣು ನಂಬುತ್ತದೆ. ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ನೋಡಿದರೆ ಗುಮ್ಮಟ ಓರೆಯಾಗಿ ಕುಸಿಯುತ್ತದೆ. ಕನ್ನಡಿಯಲ್ಲಿ ಚಾವಣಿಯ ಫೋಟೋ ತೆಗೆಯುವ ಸಾಲಿನಲ್ಲಿ ನಿಲ್ಲುವ ಅಗತ್ಯ ಇಲ್ಲ, ಕತ್ತೆತ್ತಿದರೆ ಅದೇ ಕಾಣುತ್ತದೆ.

ಪಿಯಾತ್ಸಾ ದಿ ಪಿಯೆತ್ರಾದಲ್ಲಿ ಹೇಡ್ರಿಯನ್ ದೇಗುಲದ 11 ಕಂಬಗಳ ಬುಡ ನೋಡಿ: ಅವು ರಸ್ತೆಗಿಂತ ಕೆಳಗೆ, ಹಳ್ಳದಲ್ಲಿವೆ. ನದಿಯ ಹೂಳು, ಕುಸಿದ ಮನೆಗಳ ಇಟ್ಟಿಗೆ ಕಲ್ಲು ತುಂಬಿ ತುಂಬಿ ಊರು ಮೇಲೆದ್ದಿದೆ. ಅಲ್ಲೇ ನಸೋನೆಗಳ ಬಗ್ಗೆ ಒಂದು ಮಾತು. ಊರಿನ ಎಲ್ಲೆಡೆ ಸಿಗುವ ಸುಮಾರು ಸೊಂಟದೆತ್ತರದ ಎರಕದ ಕಬ್ಬಿಣದ ನಲ್ಲಿಕಂಬ ಅದು. ಬಾಗಿದ ಕೊಳವೆ ಮೂಗಿನಂತಿರುವುದರಿಂದ "ದೊಡ್ಡ ಮೂಗು" ಎಂಬ ಹೆಸರು. ನೀರು ದಿನವಿಡೀ ಸುರಿಯುತ್ತದೆ, ಕುಡಿಯಲು ಒಳ್ಳೆಯದು, ತಣ್ಣಗಿರುತ್ತದೆ. ಬಾಗಿ ಬಾಯೊಡ್ಡಬೇಕಿಲ್ಲ. ಕೊಳವೆಯ ತುದಿಯನ್ನು ಬೆರಳಿನಿಂದ ಒತ್ತಿ ಮುಚ್ಚಿ. ಕೊಳವೆಯ ಮೇಲ್ಭಾಗದ ಸಣ್ಣ ತೂತಿನಿಂದ ನೀರು ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಅರ್ಧ ಲೀಟರಿನ ಒಂದು ಬಾಟಲಿ ಇದ್ದರೆ ಇಡೀ ದಿನ ನೀರು ಕೊಳ್ಳುವ ಮಾತಿಲ್ಲ.

ವಿಯಾ ದಿ ಪಿಯೆತ್ರಾದಿಂದ ವಿಯಾ ದೆಲ್ ಕೋರ್ಸೊ ದಾಟಿದರೆ ವಿಯಾ ದೆಲ್ಲೆ ಮುರಾತ್ತೆ. ಈ ಬೀದಿಯಲ್ಲಿ ಇಯರ್‌ಫೋನ್ ಜೇಬಿಗೆ ಹಾಕಿಬಿಡಿ. ತ್ರೇವಿ ಕಾಣುವ ಮೊದಲು ಕೇಳುತ್ತದೆ: ಮೊದಲು ಜನರ ಗುಜುಗುಜು, ಅದರಡಿಯಲ್ಲಿ ಮಳೆ ಸುರಿದಂಥ ಸದ್ದು, ಓಣಿ ಮುಗಿದೊಡನೆ ಇಡೀ ಗೋಡೆಯಗಲ ನೀರು. ಈ ಒಂದು ನಿಮಿಷದಲ್ಲಿ ಯಾವ ವಿವರಣೆಯೂ ಬೇಡ. ಕಾರಂಜಿಯ ಬುಡದಲ್ಲಿ ಆಡಿಯೋ ಕೇಳಿಸುವುದೂ ಇಲ್ಲ, ನೀರಿನ ಸದ್ದಿಗೆ ದನಿ ಏರಿಸಿದರೆ ಕಿವಿ ನೋಯುತ್ತದೆ. ಮೇಲಿನ ಅಂಚಿನಲ್ಲಿ ನಿಂತು ಕೇಳಿ. ನಿಕೋಲಾ ಸಾಲ್ವಿ ಶುರು ಮಾಡಿ, ಅವನು ತೀರಿಕೊಂಡ ಮೇಲೆ 1762ರಲ್ಲಿ ಮುಗಿಯಿತು. ನೀರು ಮಾತ್ರ ತೀರಾ ಹಳೆಯ ಕಾಲುವೆಯದು: ಕ್ರಿ.ಪೂ. 19ರಲ್ಲಿ ಅಗ್ರಿಪ್ಪ ತರಿಸಿದ ಆಕ್ವಾ ವಿರ್ಗೊ. ಪ್ಯಾಂಥಿಯನ್ ಹಣೆಯ ಮೇಲಿನ ಅದೇ ಅಗ್ರಿಪ್ಪ. ನಡುಹಗಲಲ್ಲಿ ಇಲ್ಲಿ ಜಂಗುಳಿ ತಪ್ಪಿದ್ದಲ್ಲ. 2024ರ ಡಿಸೆಂಬರ್‌ನಲ್ಲಿ ಶುಚಿಕಾರ್ಯ ಮುಗಿಸಿ ತೆರೆದಾಗಿನಿಂದ ಕೊಳದ ಬಳಿ ಒಮ್ಮೆಗೆ 400 ಜನರಿಗಷ್ಟೇ ಅವಕಾಶ. ಸಮಾಧಾನವಾಗಿ ನೋಡಬೇಕೆಂದರೆ ಇನ್ನೊಂದು ದಿನ ಬೆಳಿಗ್ಗೆ ಆರೂವರೆಗೆ ಬನ್ನಿ. ನಾಣ್ಯ ಎಸೆಯುವಾಗ ಎಲ್ಲರ ಕಣ್ಣೂ ನೀರಿನ ಕಡೆ, ಕೆಲವರ ಕೈ ನಿಮ್ಮ ಜೇಬಿನ ಕಡೆ. ಫೋನಿನಲ್ಲಿ ಆಡಿಯೋ ಇದ್ದರೆ ಅದು ಒಳಜೇಬಿನಲ್ಲಿರಲಿ.

ವಿಯಾ ದೆಲ್ ತ್ರಿತೋನೆ ದಾಟಿ ವಿಯಾ ದೆಯಿ ದುಯೆ ಮಾಚೆಲ್ಲಿ ಹಿಡಿದರೆ ಹತ್ತು ನಿಮಿಷಕ್ಕೆ ಪಿಯಾತ್ಸಾ ದಿ ಸ್ಪಾನ್ಯಾ. ಕಾಲು ಎಷ್ಟೇ ನೋಯುತ್ತಿದ್ದರೂ ಆ ಮೆಟ್ಟಿಲ ಮೇಲೆ ಕೂರಬೇಡಿ; 2019ರಿಂದ ನಿಷೇಧ, ದಂಡ ಇನ್ನೂರೈವತ್ತು ಯೂರೋ ದಾಟಬಹುದು. ಕೊನೆಯ ತುಣುಕನ್ನು ಕೆಳಗಿನ ದೋಣಿಯಾಕಾರದ ಬಾರ್ಕಾಚ್ಚಾ ಕಾರಂಜಿಯ ಬಳಿ ಕೇಳಿ. ಬೆರ್ನೀನಿಯ ತಂದೆ ಪಿಯೆತ್ರೊ ಮಾಡಿದ್ದು. ದೋಣಿ ನೆಲಕ್ಕಿಂತ ತಗ್ಗಿನಲ್ಲಿ ಮುಳುಗಿದಂತಿದೆ, ಏಕೆಂದರೆ ಇಲ್ಲಿಗೆ ಬರುವ ನೀರಿಗೆ ಮೇಲೆ ಚಿಮ್ಮುವ ಒತ್ತಡವಿಲ್ಲ. ತ್ರೇವಿಯಲ್ಲಿ ಅಷ್ಟು ಸದ್ದು ಮಾಡಿದ್ದೂ ಇದೇ ಕಾಲುವೆಯ ನೀರು. ದೋಣಿಯ ತುದಿಯ ಕೊಳವೆಯಲ್ಲಿ ಬಾಟಲಿ ತುಂಬಿಸಿಕೊಂಡು ಹೊರಡಿ, ಮೆಟ್ಟಿಲಿಗೆ ಮುಖ ಮಾಡಿ ನಿಂತರೆ ಸ್ಪಾನ್ಯಾ ಮೆಟ್ರೋದ ಬಾಗಿಲು ಎಡಗಡೆಗೆ, ಹತ್ತಿರದಲ್ಲೇ ಇದೆ.